ಸ್ಪೆಷಲ್ ಐಟಂ ಭಾವ

ಅಡುಗೆ ಬಲ್ಲ ಗಂಡಸರಲ್ಲಿ ಎರಡು ಬಗೆ. ಒಬ್ಬ ದಿನಾ ಮಾಡುತ್ತಾನೆ, ಯಾರೂ ಗಮನಿಸುವುದಿಲ್ಲ. ಇನ್ನೊಬ್ಬ ವರ್ಷಕ್ಕೊಂದು ಸಲ ಮಾಡುತ್ತಾನೆ, ಅವನು ಒಲೆ ಹಚ್ಚುವ ಮುಂಚೆಯೇ ನೆಂಟರಿಗೆಲ್ಲ ಹೊಗೆ ಮುಟ್ಟಿರುತ್ತದೆ. ಈ ಎರಡನೆಯವರೇ ಸ್ಪೆಷಲ್ ಐಟಂ ಭಾವ. ಕೆಲವು ಮನೆಗಳಲ್ಲಿ ಇವರು ಚಿಕ್ಕಪ್ಪನಾಗಿರುತ್ತಾರೆ, ಕೆಲವು ಕಡೆ ಸೋದರಮಾವ. ಆದರೆ ಭಾವನಾದಾಗ ಮಾತ್ರ ಈ ಪಾತ್ರ ಪೂರ್ತಿ ಅರಳುತ್ತದೆ. ಏಕೆಂದರೆ ಹೆಂಡತಿಯ ತವರಿನಲ್ಲಿ ಅಳಿಯನಿಗೆ ‘ಸುಮ್ಮನಿರಪ್ಪ’ ಎನ್ನುವವರು ಯಾರೂ ಇರುವುದಿಲ್ಲ.

ಇವರನ್ನು ನೋಡಬೇಕೆಂದರೆ ಯುಗಾದಿಯ ಮಾರನೆಯ ದಿನ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂಥ ಊರಿಗೆ ಬರಬೇಕು. ಅವತ್ತು ಹೊಸತೊಡಕು. ಹಿಂದಿನ ದಿನದ ಹೋಳಿಗೆಯ ಸಿಹಿಯನ್ನು ನಾಲಿಗೆಯಿಂದ ತೊಳೆಯುವ ದಿನ. ವರ್ಷವಿಡೀ ಮಾಂಸದ ಚೀಟಿ ಕಟ್ಟಿದವರು, ಗುಡ್ಡೆ ಬಾಡಿಗೆ ಹೆಸರು ಕೊಟ್ಟವರು ನಸುಕಿನಲ್ಲೇ ಪಾತ್ರೆ ಹಿಡಿದು ನಿಂತಿರುತ್ತಾರೆ. ಬೆಂಗಳೂರಿನ ಕಾರುಗಳು ಬೀದಿ ತುಂಬಿರುತ್ತವೆ. ಜಗುಲಿಯ ಮೇಲೆ ಇಸ್ಪೀಟು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಒಂದೊಂದು ಮನೆಗೆ ಅರವತ್ತು ಜನ ನೆಂಟರು. ಜನ ಸೇರಿದ ಕಡೆ ಭಾವನಿಗೆ ಕೈ ಕಡಿಯುತ್ತದೆ.

ಮುನ್ಸೂಚನೆ ಒಂದು ವಾರ ಮೊದಲೇ ಮನೆಯವರ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ‘ಈ ಸಲ ಬೆಳಗ್ಗೆ ಯಾರೂ ತಿಂಡಿ ಮಾಡಬೇಡಿ. ಟ್ಯಾಕೊ ಸ್ಲೈಡರ್ ಮಾಡ್ತೀನಿ. ಎಲ್ಲರಿಗೂ. ಅರ್ಧ ಗಂಟೆ ಕೆಲಸ.’ ಈ ‘ಅರ್ಧ ಗಂಟೆ ಕೆಲಸ’ ಎಂಬ ಮಾತನ್ನು ಕೇಳಿದ ಕೂಡಲೇ ಅನುಭವಸ್ಥ ಹೆಂಗಸರು ಅಕ್ಕಿ ನೆನೆಹಾಕುತ್ತಾರೆ. ದೋಸೆ ಹಿಟ್ಟು ಮನೆಯಲ್ಲಿದ್ದರೆ ಧೈರ್ಯ.

ಟ್ಯಾಕೊ ಸ್ಲೈಡರ್ ಎಂದರೇನು? ಭಾವ ಇದನ್ನು ಮೆಕ್ಸಿಕೋದ ತಿಂಡಿ ಎನ್ನುತ್ತಾರೆ. ಮೆಕ್ಸಿಕೋದವರ ಟ್ಯಾಕೊ ಮುಸುಕಿನ ಜೋಳದ ತೆಳು ರೊಟ್ಟಿ. ಅದರಲ್ಲಿ ಮಾಂಸವೋ ಕಾಳೋ ಇಟ್ಟು ಮಡಚಿ ತಿನ್ನುತ್ತಾರೆ. ಆ ರುಚಿಯ ಮಸಾಲೆಯನ್ನು ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬಿ, ಅದರಲ್ಲಿ ಕೈಮ ಬೇಯಿಸಿ, ಪುಟ್ಟ ಬನ್ನುಗಳ ನಡುವೆ ಹರಡಿ, ಚೀಸ್ ಹೊದಿಸಿ ಓವನ್ನಿಗೆ ತಳ್ಳಿದವರು ಅಮೆರಿಕದವರು. ಅಲ್ಲಿ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್ ನಡೆಯುವ ಭಾನುವಾರ ಮನೆತುಂಬ ಜನ ಟೀವಿ ಮುಂದೆ ಕೂರುತ್ತಾರೆ. ಕಣ್ಣು ಆಟದ ಮೇಲಿದ್ದರೂ ಕೈಗೆ ಸಿಗುವಂಥ ತಿಂಡಿ ಬೇಕು. ಉಪಾಯವೇನೋ ಜಾಣತನದ್ದೇ. ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಬನ್ನನ್ನು ಬಿಡಿಸದೆ ಇಡೀ ಹಲಗೆಯನ್ನು ಅಡ್ಡಡ್ಡ ಸೀಳಬೇಕು. ಕೆಳಗಿನ ಪದರದ ಮೇಲೆ ಕೈಮ, ಚೀಸ್. ಮೇಲಿನ ಪದರ ಮುಚ್ಚಿ ಬೆಣ್ಣೆ ಸವರಿ, ಫಾಯಿಲ್ ಹೊದಿಸಿ 175 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಆಮೇಲೆ ಚಾಕುವಿನಲ್ಲಿ ಗೆರೆ ಎಳೆದರೆ ಹನ್ನೆರಡು ಜನಕ್ಕೆ ಆಯಿತು. ಒಂದೊಂದನ್ನೇ ಕಟ್ಟುತ್ತ ಕೂರುವ ರಗಳೆಯಿಲ್ಲ.

ಭಾವ ಇದನ್ನು ಕಲಿತದ್ದು ಟೆಕ್ಸಾಸಿನಲ್ಲಿ, ಕಂಪನಿಯವರು ಆನ್‌ಸೈಟ್ ಕಳಿಸಿದ್ದಾಗ. ಕಲಿತರು ಎನ್ನುವುದಕ್ಕಿಂತ ತಿಂದರು ಎನ್ನುವುದು ಸರಿ.

ಹೊಸತೊಡಕಿನ ಬೆಳಗ್ಗೆ ಭಾವ ಬರ್ಮುಡಾ ಚಡ್ಡಿಯ ಮೇಲೆ ಏಪ್ರನ್ ಕಟ್ಟಿ ಹಿತ್ತಲಿಗಿಳಿಯುತ್ತಾರೆ. ಡಿಕ್ಕಿಯಿಂದ ಓವನ್ನು, ಚೀಸು, ಮಸಾಲೆಯ ಪ್ಯಾಕೆಟ್ಟು ಇಳಿಯುತ್ತವೆ. ದೊಡ್ಡವ್ವ ಪ್ಯಾಕೆಟ್ಟನ್ನು ಮೂಸಿ ಕೇಳುತ್ತಾರೆ:

“ಇದ್ರಾಗೇನೈತೆ ಅಳಿಯಂದ್ರೆ?”

“ಜೀರಿಗೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಓರೆಗಾನೊ ಅಂತ ಒಂದು ಸೊಪ್ಪು, ದೊಡ್ಡವ್ವ.”

“ಧನಿಯ ಹಾಕದ್ ಮರ್ತವ್ರೆ, ಪಾಪ.”

ಭಾವ ಬಿಡುವವರಲ್ಲ. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಇವೆಲ್ಲ ಮೂಲದಲ್ಲಿ ಆ ಅಮೆರಿಕ ಖಂಡದವೇ, ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕಡೆ ಬಂದವು, ಅಷ್ಟೇಕೆ, ನೀವುಣ್ಣುವ ರಾಗಿ ಕೂಡ ಆಫ್ರಿಕಾದಿಂದ ಬಂದದ್ದು ಎಂದು ಚರಿತ್ರೆ ಬಿಚ್ಚುತ್ತಾರೆ. ಚರಿತ್ರೆಯೆಲ್ಲ ನಿಜವೇ. ದೊಡ್ಡವ್ವ ಒಲೆಗೆ ಸೌದೆ ತಳ್ಳುತ್ತ, “ಎಲ್ಲಿಂದಾರ ಬರ್ಲಿ, ಬಂದ್ಮೇಲೆ ನಮ್ಮನೇವೇ ಕಣಪ್ಪ,” ಎನ್ನುತ್ತಾರೆ. ಅಳಿಯಂದಿರಿಗೂ ಸೇರಿಸಿ ಹೇಳಿದ ಮಾತು ಅದು.

ಇನ್ನು ಕೆಲಸದ ಹಂಚಿಕೆ. ಭಾವ ಮಾಡುವ ಅಡುಗೆಯಲ್ಲಿ ಈರುಳ್ಳಿ ಹೆಚ್ಚುವುದು ಅತ್ತಿಗೆ. ಬೆಳ್ಳುಳ್ಳಿ ಬಿಡಿಸುವುದು ಅಜ್ಜಿ. ಟೊಮೆಟೊ ಸಣ್ಣಗೆ ಕತ್ತರಿಸುವುದು ನಾದಿನಿ, “ಇನ್ನೂ ಸಣ್ಣಗೆ” ಎಂದಾಗ ಮತ್ತೆ ಕತ್ತರಿಸುವುದೂ ನಾದಿನಿ. ಚೀಸ್ ತುರಿಯುವುದು ಮಕ್ಕಳು, ತುರಿದದ್ದರಲ್ಲಿ ಅರ್ಧ ತಿನ್ನುವುದೂ ಅವರೇ. ಬಾಣಲೆ ಇಳಿಸಲು ಮೈದುನ. “ಸೌಟು ಎಲ್ಲಿ?”, “ಬಟ್ಟೆ ಎಲ್ಲಿ?”, “ಆ ಇನ್ನೊಂದು ಸೌಟು ಎಲ್ಲಿ?” ಎಂಬ ಪ್ರಶ್ನೆಗಳಿಗೆ ಉತ್ತರಿಸಲು ಅಕ್ಕ, ಅಂದರೆ ಭಾವನ ಧರ್ಮಪತ್ನಿ. ಭಾವನ ಪಾಲಿಗೆ ಉಳಿಯುವುದು ಎರಡು ಕೆಲಸ: ಉಪ್ಪು ನೋಡುವುದು ಮತ್ತು ವೀಡಿಯೊದಲ್ಲಿ ಬರುವುದು.

ಕೈಮಕ್ಕೆ ಬಂಡೂರು ಮರಿಯೇ ಆಗಬೇಕೆಂದು ಭಾವನ ಹಟ. ತಪ್ಪೇನಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಗಿಡ್ಡ ಕಾಲಿನ ಕುರಿಗೆ ನಾಡಿನಲ್ಲೆಲ್ಲ ಹೆಸರಿದೆ, ಮಾಂಸ ಮೃದು, ಕೊಬ್ಬು ಹದ. ಆದರೆ ಭಾವ ನೋಡಿಕೊಂಡು ಮಾಡುತ್ತಿದ್ದ ಟೆಕ್ಸಾಸಿನ ಅಡುಗೆ ವೀಡಿಯೊದಲ್ಲಿ ಕೊಬ್ಬು ಬಸಿಯಬೇಕೆಂದು ಹೇಳಿದ್ದರು. ಬಂಡೂರು ಕೊಬ್ಬನ್ನು ಚೆಲ್ಲುವುದೆಂದರೆ ಆ ಮನೆಯಲ್ಲಿ ಕೊಲೆಗೆ ಸಮ. “ಅದ್ಯಾಕಪ್ಪಾ ಬಸೀತೀಯೆ, ಅದೇ ಅಲ್ವಾ ರುಚಿ?” ಎಂದು ಹಿರಿಯರೊಬ್ಬರು ಇಸ್ಪೀಟು ಕೆಳಗಿಟ್ಟು ಎದ್ದು ಬಂದರು. ಕೊಬ್ಬು ಉಳಿಯಿತು, ಟೊಮೆಟೊ ನೀರು ಬಿಟ್ಟಿತು, ಕೈಮ ಸಾರಾಯಿತು. ಇದನ್ನು ಬನ್ನಿಗೆ ತುಂಬಿದರೆ ತಿನ್ನುವವರು ಕುಡಿಯಬೇಕಾಗುತ್ತದೆ.

ಚಿಕ್ಕರಸಿನಕೆರೆಯಲ್ಲಿ ಜನ ತಂಟೆ ತಕರಾರು ಹೊತ್ತು ಕಾಲಭೈರವೇಶ್ವರನ ದೇವರ ಬಸವ ಬಸಪ್ಪನ ಮುಂದೆ ಹೋಗಿ ನಿಲ್ಲುತ್ತಾರೆ, ಬಸಪ್ಪ ತೀರ್ಪು ಕೊಡುತ್ತದೆ ಎಂಬ ನಂಬಿಕೆ. ಆದರೆ ಬಾಣಲೆಯ ತಕರಾರು ಅಷ್ಟು ದೂರ ಹೋಗುವುದಿಲ್ಲ, ಅದು ದೊಡ್ಡವ್ವನ ಕಟ್ಟೆಯಲ್ಲೇ ತೀರುತ್ತದೆ. ದೊಡ್ಡವ್ವ ಒಂದು ಹಿಡಿ ಹುರಿಗಡಲೆ ಪುಡಿಮಾಡಿ ಬಾಣಲೆಗೆ ಉದುರಿಸಿದರು. ಈ ಸೀಮೆಯಲ್ಲಿ ಕೈಮ ಉಂಡೆ ಸಾರಿನಲ್ಲಿ ಒಡೆಯದಂತೆ ಕಟ್ಟುವುದೇ ಹುರಿಗಡಲೆ. ಐದು ನಿಮಿಷದಲ್ಲಿ ಕೈಮ ಗಟ್ಟಿಯಾಯಿತು. ಭಾವ ಕ್ಯಾಮೆರಾ ಕಡೆ ತಿರುಗಿ, “ಈಗ ನಾವು ಇದಕ್ಕೆ ನಮ್ಮದೇ ಒಂದು ಟ್ವಿಸ್ಟ್ ಕೊಟ್ಟಿದ್ದೇವೆ,” ಎಂದರು.

ಬನ್ನಿನ ಕಥೆ ಬೇರೆಯೇ. ವೀಡಿಯೊದವರು ಕೊಂಚ ಸಿಹಿಯಿರುವ ಮೆತ್ತನೆಯ ಬನ್ನು ಹೇಳಿದ್ದರು. ಭಾವ ಕೆ.ಎಂ. ದೊಡ್ಡಿಯ ಬೇಕರಿಯೊಂದಕ್ಕೆ ಫೋನು ಮಾಡಿ, “ಅಂಟಿಕೊಂಡಿರಬೇಕು, ಸ್ವಲ್ಪ ಸಿಹಿ ಇರಲಿ,” ಎಂದು ನೂರಿಪ್ಪತ್ತು ಹೇಳಿದರು. ಬೇಕರಿಯವರು ಅಂಟಿಕೊಂಡಿದ್ದ ಪಾವ್ ಅರ್ಧ, ಸಿಹಿಯಾದ ಬನ್ನು ಅರ್ಧ ಕಳಿಸಿ ಎರಡೂ ಮಾತು ಉಳಿಸಿದರು. ಸಿಹಿ ಬನ್ನಿನಲ್ಲಿ ಕೆಂಪು ಹಸಿರು ಟೂಟಿ ಫ್ರೂಟಿ ಇತ್ತು. ಹಾಸನದ ಕಡೆಯ ಅಣ್ಣತಮ್ಮಂದಿರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಆವತ್ತಿನಿಂದ ನಮ್ಮ ಅಯ್ಯಂಗಾರ್ ಬೇಕರಿಗಳ ಬನ್ನು ಆಲೂಗಡ್ಡೆ ಪಲ್ಯ ಕಂಡಿದೆ, ಬೆಣ್ಣೆ ಕಂಡಿದೆ, ಕಾಂಗ್ರೆಸ್ ಕಡಲೆಕಾಯಿಬೀಜ ಕಂಡಿದೆ. ಬಂಡೂರು ಮರಿ ತನ್ನ ಹೊಟ್ಟೆಗೆ ಬರುತ್ತದೆಂದು ಅದು ಎಣಿಸಿರಲಿಲ್ಲ. ಇಬ್ಬರು ಹುಡುಗರು ಕೂತು ಟೂಟಿ ಫ್ರೂಟಿ ಕಿತ್ತರು.

ಕೊನೆಗೆ ಓವನ್ನು. ಒಂದು ಸಲಕ್ಕೆ ಹನ್ನೆರಡು ಹಿಡಿಸುತ್ತದೆ. ಅರವತ್ತು ಜನ, ತಲೆಗೆರಡು, ಹತ್ತು ಸಲ, ಸಲಕ್ಕೆ ಇಪ್ಪತ್ತು ನಿಮಿಷ. ಈ ಲೆಕ್ಕ ಹಾಕಿದ್ದು ಎಸ್ಸೆಸ್ಸೆಲ್ಸಿ ಓದುವ ಹುಡುಗಿ: “ಮಾಮ, ಮೂರು ಗಂಟೆ ಇಪ್ಪತ್ತು ನಿಮಿಷ.” ಭಾವ, “ಪ್ಲಾನಿಂಗ್ ಇದೆ,” ಎಂದರು. ಪ್ಲಾನಿಂಗಿನಲ್ಲಿ ಕರೆಂಟು ಇರಲಿಲ್ಲ. ಮೊದಲನೆಯ ತಟ್ಟೆ ಒಳಗೆ ಹೋಗಿ ಏಳನೆಯ ನಿಮಿಷಕ್ಕೆ ಓವನ್ನಿನ ಕೆಂಪು ದೀಪ ಆರಿತು. ಜಗುಲಿಯಿಂದ ಒಂದು ಧ್ವನಿ: “ತಿಂಡಿ ಆಯ್ತೇನ್ರಪ್ಪಾ?” ಇನ್ನೊಂದು ಧ್ವನಿ: “ಊಟಕ್ಕೆ ಸೇರ್ಸ್ಕೊಂಡು ಬರ್ತದೆ ಸುಮ್ಕಿರ್ಲಾ.”

ಆಗ ಮತ್ತೆ ದೊಡ್ಡವ್ವ. ಮೊಮ್ಮಗಳು ಲಾಕ್‌ಡೌನಿನಲ್ಲಿ ಮರಳಿನ ಮೇಲೆ ಕೇಕು ಮಾಡಿದ್ದನ್ನು ನೋಡಿದ್ದರು. ನಾಲ್ಕು ಅಗಲ ಕೊಪ್ಪರಿಗೆಯ ತಳಕ್ಕೆ ಮರಳು ಹಾಸಿಸಿ, ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ತಟ್ಟೆ, ಮೇಲೊಂದು ಕಬ್ಬಿಣದ ಮುಚ್ಚಳ, ಮುಚ್ಚಳದ ತುಂಬ ಕೆಂಡ. ಕೆಳಗಿನಿಂದಲೂ ಮೇಲಿನಿಂದಲೂ ಕಾವು. ಒಂದೊಂದರಲ್ಲಿ ಮೂವತ್ತು ಬನ್ನು. ಓವನ್ನು ಮಾಡುವುದೂ ಅದನ್ನೇ, ವೈರು ಮಾತ್ರ ಹೆಚ್ಚು. ಅರ್ಧ ಗಂಟೆಯಲ್ಲಿ ಚೀಸು ಕರಗಿ ಅಂಚಿಗಿಳಿದು ಗರಿಗರಿಯಾಯಿತು, ಸೌದೆಯ ಹೊಗೆಯ ವಾಸನೆ ಬೆಣ್ಣೆಗೆ ಹತ್ತಿತು. ಭಾವ ಹೇಳಿದ ಅರ್ಧ ಗಂಟೆ ಸುಳ್ಳಾಗಲಿಲ್ಲ, ಅದು ಮಾತ್ರ ದೊಡ್ಡವ್ವನ ಅರ್ಧ ಗಂಟೆ.

ತಿಂದರೆ ಹೇಗಿತ್ತು? ಮುಚ್ಚುಮರೆ ಬೇಡ, ಚೆನ್ನಾಗಿತ್ತು. ಮಕ್ಕಳು ತಲೆಗೆ ನಾಲ್ಕು ಎತ್ತಿದರು. ಹರೆಯದವರು ಫೋಟೋ ತೆಗೆದು ತಿಂದರು. ಹಿರಿಯರು ಒಂದು ತಿಂದು, “ಸಂದಾಗದೆ. ಎಷ್ಟೊತ್ಗೆ ಇಟ್ಟು?” ಎಂದು ಮುದ್ದೆಯ ಸಮಯ ವಿಚಾರಿಸಿದರು. ಇದು ಅವಮಾನವೆಂದು ಭಾವಿಸಬಾರದು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬಡಿಸಿ ಎಂದು ಚಳವಳಿ ಮಾಡಿದ ಜಿಲ್ಲೆ ಇದು. ಇಲ್ಲಿ ಬಾಡು ಬನ್ನಿನೊಳಗಿದ್ದರೆ ತಿಂಡಿ, ಮುದ್ದೆಯ ಪಕ್ಕದಲ್ಲಿದ್ದರೆ ಊಟ.

ಈ ತಾಲ್ಲೂಕಿಗೆ ಜನಜಂಗುಳಿಗೆ ತಿಂಡಿ ಮಾಡುವುದೇನೂ ಹೊಸದಲ್ಲ. 1917ರಲ್ಲಿ ಮದ್ದೂರು ರೈಲು ನಿಲ್ದಾಣಕ್ಕೆ ಬಂಡಿ ಹೊತ್ತಿಗೆ ಮುಂಚೆ ಬಂದುಬಿಟ್ಟಿತಂತೆ. ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ಕೈಗೆ ಸಿಕ್ಕ ಹಿಟ್ಟನ್ನು ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ, ಅದೇ ಮದ್ದೂರು ವಡೆಯಾಯಿತು ಎಂದು ಹೇಳುತ್ತಾರೆ. ಅದಕ್ಕೊಂದು ವಾರದ ಮುನ್ಸೂಚನೆ ಇರಲಿಲ್ಲ, ಏಪ್ರನ್ ಇರಲಿಲ್ಲ. ಹಸಿದವರು ಎದುರಿಗಿದ್ದರು, ಅಷ್ಟೆ.

ಊಟವಾದ ಮೇಲೆ ಅಕ್ಕ ಒಂದು ಗುಟ್ಟು ಬಿಟ್ಟುಕೊಟ್ಟರು. ಟೆಕ್ಸಾಸಿನಲ್ಲಿದ್ದಾಗ ಭಾವ ಒಂದು ದಿನವೂ ಟ್ಯಾಕೊ ಮಾಡಿದವರಲ್ಲ. ಅಲ್ಲಿನ ಆಫೀಸಿನ ಅಮೆರಿಕದವರನ್ನೆಲ್ಲ ಯುಗಾದಿಗೆ ಕರೆದಾಗ ಭಾವನ ಸ್ಪೆಷಲ್ ಐಟಂ ಮುದ್ದೆ! ‘ನಮ್ಮ ಮಂಡ್ಯದ್ದು, ಅರ್ಧ ಗಂಟೆ ಕೆಲಸ’ ಎಂದು ಅಲ್ಲೂ ಗುಂಪಿಗೆ ಹಾಕಿದ್ದರು. ಮುದ್ದೆ ಕೋಲು ಸಿಗದೆ ಪಕ್ಕದ ಮನೆಯ ಹುಡುಗನ ಬೇಸ್‌ಬಾಲ್ ಬ್ಯಾಟು ತೊಳೆದು ತಂದಿದ್ದರು. ತಿರುವಿದ್ದು ಅಕ್ಕ.

ಇದರಿಂದ ಈ ಪ್ರಾಣಿಯ ಸ್ವಭಾವ ಸ್ಪಷ್ಟವಾಗುತ್ತದೆ. ಅಲ್ಲಿದ್ದಾಗ ಇಲ್ಲಿಯದು, ಇಲ್ಲಿದ್ದಾಗ ಅಲ್ಲಿಯದು. ತಿನ್ನುವವರಲ್ಲಿ ಯಾರಿಗೂ ಅದರ ನಿಜವಾದ ರುಚಿ ಗೊತ್ತಿರಬಾರದು; ಗೊತ್ತಿದ್ದರೆ ತೂಗಿ ನೋಡುತ್ತಾರೆ. ಚಿಕ್ಕರಸಿನಕೆರೆಯಲ್ಲಿ ಮುದ್ದೆ ಮಾಡಿ ಗಂಟು ಬಿದ್ದರೆ ಭಾವನ ಮಾನ ಮೂರು ಕಾಸಿಗೆ. ಟ್ಯಾಕೊ ಸ್ಲೈಡರ್ ಹೇಗಿದ್ದರೂ ಅದು ಹಾಗೇ ಇರಬೇಕೇನೋ ಎಂದು ಊರು ತಿನ್ನುತ್ತದೆ. ಪರೀಕ್ಷಕರಿಗೆ ಬಾರದ ವಿಷಯವನ್ನೇ ಆರಿಸಿಕೊಂಡು ಪರೀಕ್ಷೆ ಬರೆಯುವ ಬುದ್ಧಿವಂತಿಕೆ ಇದು.

ಅಂದಮಾತ್ರಕ್ಕೆ ಭಾವನನ್ನು ಹಿತ್ತಲಿನಿಂದ ಓಡಿಸಬೇಕಾಗಿಲ್ಲ. ಅವರಿಲ್ಲದಿದ್ದರೆ ಮಕ್ಕಳು ಚೀಸು ತಿನ್ನುತ್ತಿರಲಿಲ್ಲ, ಇಸ್ಪೀಟಿನವರು ಎದ್ದು ಒಲೆಯ ಕಡೆ ಬರುತ್ತಿರಲಿಲ್ಲ, ಬಂಡೂರು ಕೈಮಕ್ಕೂ ಬನ್ನಿಗೂ ಈ ನೆಂಟಸ್ತಿಕೆ ಕೂಡುತ್ತಿರಲಿಲ್ಲ. ಮುಂದಿನ ಯುಗಾದಿಗೆ ನಿಮ್ಮ ಮನೆಯ ಗುಂಪಿಗೂ ಅಂಥದೊಂದು ಸಂದೇಶ ಬಂದೇ ಬರುತ್ತದೆ. ಬಂದಾಗ ‘ಸೂಪರ್ ಭಾವ’ ಎಂದು ಉತ್ತರಿಸಿ, ಖುಷಿಪಡಲಿ. ಓವನ್ನು ತರಬೇಡಿ, ಕೊಪ್ಪರಿಗೆ ಇದೆ ಎನ್ನಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ‘ಚೀಸು ಹತ್ತಿದ ತಟ್ಟೆಗಳನ್ನು ಯಾರು ತಿಕ್ಕುತ್ತಾರೆ?’ ಅದಕ್ಕೆ ಉತ್ತರ ಬರುವವರೆಗೂ ಬನ್ನಿಗೆ ಹೇಳಬೇಡಿ. ದೋಸೆಗೆ ಅಕ್ಕಿ ನೆನೆಹಾಕುವುದನ್ನಂತೂ ಮರೆಯಬೇಡಿ.