ಒಂದನೇ ನಂಬರಿನ ಗತ್ತು

ಸೋಮಂದೇಪಲ್ಲಿಯ ಹೆದ್ದಾರಿಯಲ್ಲಿ ಯಾವ ಟೀ ಅಂಗಡಿ ಜೋರು ಅಂತ ಕೇಳಿದರೆ ಯಾರೂ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ. ಮುಂದೆ ನಿಂತ ಲಾರಿ ಎಣಿಸುತ್ತಾರೆ. ಟೀ ಹೇಗಿದೆ ಎಂಬುದು ಆಮೇಲಿನ ಮಾತು.

ವೆಬ್ ವಿನ್ಯಾಸ ಕಲಿಸುವ ತಾಣಗಳಿಗೂ ಹೀಗೆ ಲಾರಿ ಎಣಿಸಿಕೊಡುವವನೊಬ್ಬನಿದ್ದ. ಹೆಸರು ಅಲೆಕ್ಸಾ, ತಾಣಗಳಿಗೆ ಬರುವವರನ್ನು ಎಣಿಸಿ ರ‍್ಯಾಂಕು ಕೊಡುತ್ತಿದ್ದ ಕಂಪನಿ. 1996ರಲ್ಲಿ ಹುಟ್ಟಿ, 1999ರಲ್ಲಿ ಅಮೆಜಾನ್ ಮನೆ ಸೇರಿದ. ಅವನ ಪಟ್ಟಿಯಲ್ಲಿ ನಂಬರು ಸಣ್ಣದಾದಷ್ಟೂ ಗತ್ತು ದೊಡ್ಡದು. 1998ರ ‘ಎ ಲಿಸ್ಟ್ ಅಪಾರ್ಟ್’ ಮೇಲೋ, 2006ರಲ್ಲಿ ಜರ್ಮನಿಯಲ್ಲಿ ಶುರುವಾದ ‘ಸ್ಮ್ಯಾಶಿಂಗ್ ಮ್ಯಾಗಜೀನ್’ ಮೇಲೋ ಎಂಬ ಜಗಳಕ್ಕೆ ಅವನದೇ ಪಂಚಾಯ್ತಿ.

ಮಜಾ ಇರುವುದು ಎಣಿಕೆಯಲ್ಲಿ. ಮೊದಲಿನ ವರ್ಷಗಳಲ್ಲಿ ಬ್ರೌಸರಿಗೆ ಅಲೆಕ್ಸಾದ ಟೂಲ್‌ಬಾರ್ ಹಾಕಿಕೊಂಡವರಷ್ಟೇ ಲೆಕ್ಕಕ್ಕೆ! ಅದನ್ನು ಆಸೆಯಿಂದ ಹಾಕಿಕೊಳ್ಳುತ್ತಿದ್ದವರಾದರೂ ಯಾರು? ತಮ್ಮ ರ‍್ಯಾಂಕು ಎಲ್ಲಿಗೆ ಬಂತೆಂದು ಇಣುಕುವ ತಾಣದ ಮಾಲೀಕರು, ವಿನ್ಯಾಸಗಾರರು. ಅವರು ಬಿಡುವಿನಲ್ಲಿ ಓದುತ್ತಿದ್ದುದು ವಿನ್ಯಾಸದ ತಾಣಗಳನ್ನೇ. ಹೀಗಾಗಿ ಆ ತಾಣಗಳ ರ‍್ಯಾಂಕು ಸಲೀಸಾಗಿ ಮೇಲೇರುತ್ತಿತ್ತು. ಟೂಲ್‌ಬಾರೆಂದರೇನೆಂದೇ ಗೊತ್ತಿಲ್ಲದ ಮಂದಿ ಓದುವ ತಾಣ ತಳದಲ್ಲೇ ಕೂತಿರುತ್ತಿತ್ತು.

2022ರ ಮೇ 1ರಂದು ಅಲೆಕ್ಸಾ ಅಂಗಡಿ ಮುಚ್ಚಿತು. ಆ ತಾಣಗಳು ಮಾತ್ರ ಅಳೆಯುವವನಿಲ್ಲದೆಯೂ ಉಳಿದುಕೊಂಡವು. ಈಗ ಸಿಮಿಲರ್‌ವೆಬ್‌ನಂಥ ಬೇರೆ ಅಂದಾಜುಗಾರರಿದ್ದಾರೆ. ಇಬ್ಬರನ್ನು ಕೇಳಿದರೆ ಎರಡು ನಂಬರು ಸಿಗುತ್ತದೆ. ಜಾಹೀರಾತುದಾರರಿಗೆ ಯಾವುದನ್ನು ತೋರಿಸಬೇಕೆಂದು ಮಾಲೀಕನಿಗೆ ಯಾರೂ ಹೇಳಿಕೊಡಬೇಕಿಲ್ಲ!