ಹಂಗಾಮಿನ ಊರಿನ ಹಂಗಾಮಿಗಳು

ನಮ್ಮ ಐನಾಪುರದಲ್ಲಿ ವರ್ಷಕ್ಕೆ ಎರಡೇ ಕಾಲ: ಸೀಜನ್ ಮತ್ತು ಆಫ್ ಸೀಜನ್. ಮಳೆ, ಚಳಿ, ಬೇಸಿಗೆ ಎಂಬ ಮೂರು ಕಾಲಗಳು ಶಾಲೆಯ ಪುಸ್ತಕದಲ್ಲಿವೆ; ಕೃಷ್ಣೆಯ ದಂಡೆಯ ಕಬ್ಬಿನ ಸೀಮೆ ಅವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಈ ಭಾಗದ ಪಂಚಾಂಗವನ್ನು ಜೋಯಿಸರಿಗಿಂತ ಹೆಚ್ಚಾಗಿ ಚಿಮಣಿಯೇ ಬರೆಯುತ್ತ ಬಂದಿದೆ. ದೀಪಾವಳಿಯ ಆಸುಪಾಸಿಗೆ ಹೊಗೆ ಎದ್ದರೆ ಅರ್ಧ ಊರಿಗೆ ಕೆಲಸ. ಶಿವರಾತ್ರಿ ದಾಟಿ ಹೊಗೆ ನಿಂತರೆ ಅದೇ ಅರ್ಧ ಊರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ.

ಕೆಲಸ ಸಿಕ್ಕವರಲ್ಲೂ ಮೇಲು ಕೀಳುಂಟು. ಪರ್ಮನೆಂಟ್ ಆದವರು ದೇವಲೋಕದವರು, ಅವರ ಮಾತು ಬೇಡ. ಅವರ ಕೆಳಗೆ ಸೀಜನಲ್. ಗಾಣ ನಿಂತ ತಿಂಗಳುಗಳಲ್ಲಿ ರಿಟೇನರ್ ಅಂತ ಪಗಾರದ ಒಂದು ಪಾಲು ಸಿಕ್ಕರೆ ಇವರಿಗೂ ಮೀಸೆ ತಿರುವುವಷ್ಟು ಧೈರ್ಯ ಬರುತ್ತದೆ. ಅವರ ಕೆಳಗೆ, ಆಫ್ ಸೀಜನ್ನಿನಲ್ಲೂ ದುಡಿಯುವ ಗುತ್ತಿಗೆದಾರನ ಕಡೆಯವರು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನದು ಸತತ ಸೇವೆ, ಅವನನ್ನು ತೆಗೆಯಬೇಕಾದರೆ ನೋಟೀಸು, ಪರಿಹಾರ ಕೊಡಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಬರೆದಿದ್ದರು. ಸಹಿ ಮಾಡಲು ತಡವರಿಸುವ ಗುತ್ತಿಗೆದಾರನಿಗೂ 240ರ ತನಕ ಎಣಿಸಲು ಚೆನ್ನಾಗಿ ಬರುತ್ತದೆ. ಇನ್ನೂರಾ ಮೂವತ್ತರ ಸುಮಾರಿಗೆ ‘ಬ್ರೇಕ್’ ಕೊಟ್ಟುಬಿಡುತ್ತಾನೆ.

ಎಲ್ಲರಿಗಿಂತ ಕೆಳಗೆ, ಹೊಲದಲ್ಲಿ, ಕಬ್ಬು ಕಡಿಯುವ ಗ್ಯಾಂಗ್. ಬೀಡ ಕಡೆಯಿಂದಲೋ ವಿಜಯಪುರ ಕಡೆಯಿಂದಲೋ ಬಂದು ಗುಡಿಸಲು ಹಾಕುವ ಇವರಿಗೆ ಗ್ಯಾಂಗಿನ ಮುಕಾದಮ ಮಳೆಗಾಲದಲ್ಲೇ ಉಚಲು, ಅಂದರೆ ಮುಂಗಡ, ಕೊಟ್ಟಿರುತ್ತಾನೆ. ಬೀಡದವರಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಲೆಕ್ಕದ ವಹಿಯಲ್ಲಿ ಮನುಷ್ಯರಿಲ್ಲ, ಕುಡಗೋಲುಗಳಿವೆ. ಕೆಲಸಕ್ಕೆ ಮೊದಲೇ ಪಗಾರ ಎಣಿಸಿಕೊಳ್ಳುವ ಪುಣ್ಯವಂತರು ದೇಶದಲ್ಲಿ ನೀವೇ ಎಂದು ಒಬ್ಬ ಹೆಣ್ಣುಮಗಳಿಗೆ ಹೇಳಿದೆ. “ಹೌದ್ರಿ ಮಾಸ್ತರ, ಅದಕ್ಕ ಬಿಟ್ಟ ಹೋಗಾಕ ಬರೂದಿಲ್ಲ” ಅಂದಳು, ಸಿವುಡು ಕಟ್ಟುತ್ತ.

ನಾನು ಮಾಸ್ತರನೇನೋ ಹೌದು, ಆದರೆ ‘ಅತಿಥಿ’ ಮಾಸ್ತರ. ಸರ್ಕಾರಿ ಶಾಲೆಯ ಅತಿಥಿ ಜೂನ್ ದಾಟಿದ ಮೇಲೆ ಬರುತ್ತಾನೆ, ಪಾಠ ಮಾಡುತ್ತಾನೆ, ಬಿಸಿಯೂಟದ ಲೆಕ್ಕ ಬರೆಯುತ್ತಾನೆ, ಯಾರೂ ಚಾ ಕೊಡದಿದ್ದರೆ ತಾನೇ ತರಿಸಿ ಮನೆಯವರಿಗೂ ಕೊಡುತ್ತಾನೆ, ಬೇಸಿಗೆ ರಜೆ ಬಿದ್ದಾಗ ಕೈ ಮುಗಿದು ಎದ್ದು ಹೋಗುತ್ತಾನೆ. ಅವನಿಗೆ ಸಿಗುವುದು ಪಗಾರವಲ್ಲ, ಗೌರವಧನ. ಪಗಾರ ತಡವಾದರೆ ಜಗಳ ತೆಗೆಯಬಹುದು. ಗೌರವವನ್ನು ಯಾರಾದರೂ ಜಗಳವಾಡಿ ಇಸಿದುಕೊಳ್ಳುತ್ತಾರೆಯೇ?

ಈ ಗೌರವ ಕನ್ಯಾ ನೋಡಲು ಹೋದಾಗ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಅವಲಕ್ಕಿ ಮುಗಿಯುವ ಮೊದಲೇ ಹುಡುಗಿಯ ಅಪ್ಪ ಕೇಳಿದರು: “ಹುಡುಗ ಪರ್ಮನೆಂಟ ಅದಾನೋ?”

ನಮ್ಮ ಕಾಕಾ ಗಂಭೀರವಾಗಿ, “ಈ ಭೂಮಿ ಮ್ಯಾಲ ಯಾರ ಪರ್ಮನೆಂಟ ಅದಾರ್ರಿ?” ಅಂದರು.

“ಅದು ಖರೆ ಐತ್ರಿ. ಆದರ ನಮ್ಮ ಹುಡುಗಿ ಅಷ್ಟ ವೇದಾಂತ ಓದಿಲ್ಲ.”

ಕಾಕಾಗೆ ಈ ವೇದಾಂತ ಪುಕ್ಕಟೆ ಬಂದದ್ದಲ್ಲ. ಒಂದು ಕಚೇರಿಯಲ್ಲಿ ದಿನಗೂಲಿಯಾಗಿದ್ದವರು. ಇಂದಲ್ಲ ನಾಳೆ ಕಾಯಂ ಆದೇನೆಂಬ ಆಸೆಯಲ್ಲಿ ಸಾಹೇಬರ ಹೊಲದ ಗೊಂಜಾಳವನ್ನೂ ರವಿವಾರ ಸುಲಿದುಕೊಟ್ಟವರು. ಅಷ್ಟರಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಕೇಸು ನಮ್ಮ ರಾಜ್ಯದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದ್ದು: ಕರ್ನಾಟಕ ಸರ್ಕಾರ ಮತ್ತು ಉಮಾದೇವಿ. ನೇಮಕಾತಿಯ ನಿಯಮ ಬಿಟ್ಟು ಒಳಗೆ ಬಂದವರಿಗೆ ಕಾಯಮಾತಿಯ ಹಕ್ಕಿಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಬಲವಿಲ್ಲದೆ, ಹತ್ತು ವರ್ಷ ತುಂಬಿಸಿದ ಅರ್ಹರನ್ನು ಬೇಕಾದರೆ ಒಂದು ಸಲಕ್ಕೆ ಪರಿಗಣಿಸಿ ಎಂದಿತು. ಕಾಕಾರ ಸರ್ವಿಸ್ ಹತ್ತಕ್ಕೆ ತುಸು ಕಡಿಮೆ. ಅಲ್ಲಿಂದ ಮುಂದೆ ಯಾವ ಟೇಬಲ್ಲಿನ ಮುಂದೆ ನಿಂತರೂ ಒಂದೇ ಉತ್ತರ: “ಉಮಾದೇವಿ ಅಡ್ಡ ಬರ್ತಾಳ.”

ಇದನ್ನು ಕೇಳಿ ಕೇಳಿ ಕಾಕು ಒಂದು ದಿನ ತಡೆಯಲಾರದೆ, “ಚಿಂಚಲಿ ಮಾಯಕ್ಕ ಗೊತ್ತು, ಸವದತ್ತಿ ಎಲ್ಲವ್ವ ಗೊತ್ತು. ಈ ಉಮಾದೇವಿ ಗುಡಿ ಎಲ್ಲೈತ್ರಿ? ಒಂದ ಸೀರಿ ಒಯ್ದು ಉಡಿ ತುಂಬಿ ಬರೂಣು” ಅಂದರು.

“ದಿಲ್ಲ್ಯಾಗ ಐತಿ,” ಅಂದರು ಕಾಕಾ. “ಅಲ್ಲಿ ಮೊದಲ ವಕೀಲರ ಉಡಿ ತುಂಬಬೇಕಾಗತೈತಿ.”