ಸದ್ಯಕ್ಕೆ ಅಲ್ಲಿಡಿ

ಬೆಂಗಳೂರಿನ ಬಾಡಿಗೆದಾರರು ಮನೆ ಬದಲಿಸುವ ಕಾಲವನ್ನು ನಿರ್ಧರಿಸುವ ಶಕ್ತಿಗಳು ಎರಡು: ಮಕ್ಕಳ ಶಾಲೆ ಮತ್ತು ಪಂಚಾಂಗ. ಪರೀಕ್ಷೆ ಮುಗಿಯದೆ ಹೊರಡುವಂತಿಲ್ಲ, ಆಷಾಢ ಹುಟ್ಟಿದ ಮೇಲೆ ಹೊರಡಲು ಹಿರಿಯರು ಒಪ್ಪುವುದಿಲ್ಲ. ಹೀಗಾಗಿ ಬೇಸಿಗೆಯ ಕೆಲವೇ ವಾರಗಳಲ್ಲಿ ನಗರದ ಮಂಚಗಳೆಲ್ಲ ಕಾಲು ಮೇಲೆ ಮಾಡಿಕೊಂಡು ಟೆಂಪೊ ಏರುತ್ತವೆ. ಈ ಸಾಗಣೆಯ ಕಷ್ಟಗಳನ್ನು ಬಣ್ಣಿಸುವವರು ಬೇಕಾದಷ್ಟು ಮಂದಿಯಿದ್ದಾರೆ. ಸಾಗಣೆಯ ಮರುದಿನ ಆರಂಭವಾಗುವ, ಯಾವ ಪಂಚಾಂಗವೂ ಮುಹೂರ್ತ ಕೊಡದ, ಗಂಟು ಬಿಚ್ಚುವ ಘಟ್ಟಕ್ಕೆ ಮಾತ್ರ ವಿದ್ವತ್ತಿನ ಗಮನ ಅಷ್ಟಾಗಿ ಹರಿದಿಲ್ಲ.

ಸಂಪ್ರದಾಯದ ಪ್ರಕಾರ ಹೊಸ ಮನೆಯಲ್ಲಿ ಮೊದಲು ನಡೆಯಬೇಕಾದದ್ದು ಹಾಲುಕ್ಕಿಸುವುದು, ಅಂದರೆ ಒಲೆಯ ಮೇಲೆ ಹಾಲನ್ನು ಕಾಯಲಿಟ್ಟು, ಅದು ಪಾತ್ರೆಯ ಅಂಚು ದಾಟಿ ಚೆಲ್ಲುವವರೆಗೂ ಎಲ್ಲರೂ ಕೈಕಟ್ಟಿ ನೋಡುತ್ತ ನಿಲ್ಲುವುದು. ಉಳಿದೆಲ್ಲ ದಿನ ಬೈಗುಳಕ್ಕೆ ಕಾರಣವಾಗುವ ಕೃತ್ಯ ಅಂದು ಮಂಗಳಕರವಾಗುತ್ತದೆ. ಉಕ್ಕಿದ ಹಾಲು ಪೂರ್ವಕ್ಕೋ ಉತ್ತರಕ್ಕೋ ಹರಿದರೆ ಶುಭವೆನ್ನುವವರುಂಟು. ಆದರೆ ಅಡುಗೆಕಟ್ಟೆಯ ಗ್ರಾನೈಟನ್ನು ಗಾರೆಯವರು ಸಿಂಕಿನ ಕಡೆಗೆ ವಾಟ ಕೊಟ್ಟೇ ಕೂರಿಸಿರುವುದರಿಂದ, ಕುಟುಂಬದ ಭವಿಷ್ಯವು ಗ್ರಹಗತಿಗಿಂತ ಸಿಂಕಿನ ದಿಕ್ಕನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ.

ಹಾಲು ಆರುವ ಮೊದಲೇ ರಟ್ಟಿನ ಪೆಟ್ಟಿಗೆಗಳ ಸಮಸ್ಯೆ ಎದುರಾಗುತ್ತದೆ. ಪ್ಯಾಕರ್ಸ್ ಎಂದು ಕರೆಯಲಾಗುವ ಸಾಗಣೆಯವರು ಕಣ್ಣಿಗೆ ಬಿದ್ದುದನ್ನೆಲ್ಲ, ಕಸದ ಬುಟ್ಟಿಯನ್ನು ಅದರೊಳಗಿನ ಕಸದ ಸಮೇತ, ನಿರ್ವಿಕಾರ ಚಿತ್ತದಿಂದ ಸುತ್ತಿ ಅಂಟಿಸುವವರಾದ್ದರಿಂದ, ಪೆಟ್ಟಿಗೆಯ ಮೇಲೆ ಅವರು ಬರೆದ ‘ಕಿಚನ್ 3’ ಎಂಬ ಶಾಸನಕ್ಕೂ ಒಳಗಿನ ವಸ್ತುಗಳಿಗೂ ಇರುವ ಸಂಬಂಧ ಸಂಶೋಧನೆಯಿಂದಲೇ ತಿಳಿಯಬೇಕಾದದ್ದು. ಅದರೊಳಗೆ ಟೀವಿಯ ರಿಮೋಟ್, ಒಂಟಿ ಚಪ್ಪಲಿ, ದೇವರ ಮನೆಯ ಘಂಟೆ ಇರಬಹುದು. ಸಾರಿನ ಸೌಟು ಇರುವ ಸಂಭವ ಮಾತ್ರ ಕಡಿಮೆ. ಕುಕ್ಕರ್ ಮತ್ತು ಅದರ ಗ್ಯಾಸ್ಕೆಟ್, ಅಂದರೆ ಮುಚ್ಚಳದೊಳಗೆ ಕೂತು ಹಬೆಯನ್ನು ತಡೆಯುವ ರಬ್ಬರ್ ಬಳೆ, ಒಂದೇ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದ ಉದಾಹರಣೆಗಳು ವಿರಳ. ಆದುದರಿಂದಲೇ ಹೊಸ ಮನೆಯ ಮೊದಲ ಊಟ ಸಾಮಾನ್ಯವಾಗಿ ದರ್ಶಿನಿಯದ್ದಾಗಿರುತ್ತದೆ.

ಸಂಜೆಯ ಹೊತ್ತಿಗೆ ಈ ಶಾಸ್ತ್ರದ ಮೂಲಸೂತ್ರ ಪ್ರಕಟವಾಗುತ್ತದೆ. ಗಂಡ ತೂಕದ ವಸ್ತುವೊಂದನ್ನು ಎತ್ತಿಕೊಂಡು ನಡುಮನೆಯಲ್ಲಿ ನಿಂತು, “ಲೇ, ಇದನ್ನೆಲ್ಲಿ ಇಡ್ಲಿ?” ಎಂದು ಕೇಳುತ್ತಾನೆ, ಮತ್ತೊಂದು ಪೆಟ್ಟಿಗೆಯೊಳಗೆ ತಲೆ ತೂರಿಸಿದ ಹೆಂಡತಿ, “ಸದ್ಯಕ್ಕೆ ಅಲ್ಲೇ ಇಡೀಂದ್ರೆ, ಆಮೇಲೆ ನೋಡೋಣ” ಎನ್ನುತ್ತಾಳೆ. ಆ ‘ಆಮೇಲೆ’ ಬರುವುದಿಲ್ಲ. ಮನೆಯ ವಿನ್ಯಾಸವೆಂದು ಮುಂದೆ ನೆಂಟರು ಮೆಚ್ಚುವುದು ವಾಸ್ತವದಲ್ಲಿ ಮೊದಲ ರಾತ್ರಿ ಯಾರು ಎಲ್ಲಿ ಸುಸ್ತಾದರು ಎಂಬುದರ ದಾಖಲೆ. ಇದು ಸಂಸಾರಸ್ಥರ ದೌರ್ಬಲ್ಯವಷ್ಟೇ ಅಲ್ಲ: 1857ರ ಬಂಡಾಯದ ಖರ್ಚು ತುಂಬಿಸಿಕೊಳ್ಳಲು 1860ರಲ್ಲಿ ಐದೇ ವರ್ಷಕ್ಕೆಂದು ಈ ದೇಶಕ್ಕೆ ಬಂದ ಆದಾಯ ತೆರಿಗೆ, ನಡುವೆ ಹೋಗಿ ಬಂದು ಮಾಡಿ, 1886ರ ಕಾಯಿದೆಯೊಂದಿಗೆ ಕಾಯಂ ಆಗಿ ತಳವೂರಿತು. ಇಸ್ತ್ರಿ ಪೆಟ್ಟಿಗೆ ಊಟದ ಮೇಜಿನ ಮೇಲೆ ನೆಲೆಸಿದ ಕ್ರಮವೂ ಇದೇ.

ಇಷ್ಟಾಗಿಯೂ ತಾನು ಯೋಚಿಸಿಯೇ ಸಾಮಾನು ಜೋಡಿಸುತ್ತಿದ್ದೇನೆಂಬ ನಂಬಿಕೆ ಮನುಷ್ಯನಿಗಿರುತ್ತದೆ. ವಾಸ್ತು ಬಲ್ಲವರು ಒಲೆ ಆಗ್ನೇಯಕ್ಕಿರಲಿ, ಬೀರು ನೈಋತ್ಯಕ್ಕಿರಲಿ ಎನ್ನುತ್ತಾರೆ. ಆದರೆ ಬಾಡಿಗೆ ಮನೆಯ ನಿಜವಾದ ವಾಸ್ತುಪುರುಷ ಎಂದೋ ಬಂದುಹೋದ ವೈರಿಂಗಿನವನು. ಚಾರ್ಜರಿಗೆ, ಟೇಬಲ್ ಫ್ಯಾನಿಗೆ ಸಾಲುವ 6 ಆಂಪಿಯರಿನ ಸಣ್ಣ ಪ್ಲಗ್ಗುಗಳನ್ನು ಅವನು ಅಲ್ಲಲ್ಲಿ ಉದಾರವಾಗಿ ಹಂಚಿರುತ್ತಾನಾದರೂ, ದಪ್ಪ ಪಿನ್ನಿನ ಯಂತ್ರಗಳಿಗೆ ಬೇಕಾದ 16 ಆಂಪಿಯರಿನ ಪ್ಲಗ್ಗನ್ನು ತನಗೆ ತೋಚಿದ ಒಂದೆರಡು ಕಡೆ ಮಾತ್ರ ಇಟ್ಟಿರುತ್ತಾನೆ. ಫ್ರಿಜ್ ನಡುಮನೆಯಲ್ಲಿ, ಸೋಫಾದ ಪಕ್ಕ, ಬಂದವರನ್ನು ಮಾತನಾಡಿಸುವ ಯಜಮಾನನ ಗತ್ತಿನಲ್ಲಿ ನಿಲ್ಲುವುದು ಈ ಕಾರಣದಿಂದ. ಗೋಡೆಯ ಮಟ್ಟಿಗೆ ಅಧಿಕಾರ ಹಿಂದಿನ ಬಾಡಿಗೆದಾರನದ್ದು. ಮಾಲೀಕರು ಹೊಸ ಮೊಳೆ ಹೊಡೆಯಬಾರದೆಂದು ಮೊದಲೇ ಎಚ್ಚರಿಸಿರುವುದರಿಂದ, ಅವನು ಬಿಟ್ಟುಹೋದ ಮೊಳೆಗಳೇ ಗತಿ. ಅವನು ಆಜಾನುಬಾಹುವಾಗಿದ್ದರೆ, ಆ ಮೊಳೆಗೆ ತೂಗಿದ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರ ನೋಡಲು ಇವರು ಸ್ಟೂಲು ಹತ್ತಬೇಕಾಗುತ್ತದೆ.

ಕಾಗದಪತ್ರದ ವಾಸಸ್ಥಳ ಬೇರೆಯೇ ವಿಷಯ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದಾಗಿನಿಂದ ಗ್ರಾಹಕರ ಆಧಾರ್, ಮನೆಯ ಆರ್‌ಆರ್ ನಂಬರಿಗೆ, ಅಂದರೆ ಆ ಮನೆಯ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆಗೆ, ಜೋಡಣೆಯಾಗಿದೆ. ಆ ಗಂಟನ್ನು ಬಿಡಿಸಿ ಹೊಸ ನಂಬರಿಗೆ ಕಟ್ಟುವವರೆಗೆ ಕುಟುಂಬವು ದೇಹದಿಂದ ಹೊಸ ಮನೆಯಲ್ಲೂ ವಿದ್ಯುತ್ತಿನ ಲೆಕ್ಕದಲ್ಲಿ ಹಳೆಯ ಮನೆಯಲ್ಲೂ ವಾಸಿಸುತ್ತಿರುತ್ತದೆ.

ಅತ್ಯಂತ ವೇಗವಾಗಿ ನೆಲೆಗೊಳ್ಳುವುದು ಅಟ್ಟದ ವಸ್ತುಗಳು. ಅಜ್ಜಿಯ ಕಾಲದ ತಾಮ್ರದ ಹಂಡೆ, ಯಾರೂ ಓದದ ಮತ್ತು ಯಾರೂ ಎಸೆಯಲೊಪ್ಪದ ಹಳೆಯ ಪಠ್ಯಪುಸ್ತಕಗಳು, ಹಳೆಯ ಅಟ್ಟದಿಂದ ಹೊಸ ಅಟ್ಟಕ್ಕೆ ಕಟ್ಟು ಬಿಚ್ಚದೆಯೇ ಏರುತ್ತವೆ. ಮುಂದಿನ ಸಲಕ್ಕೆ ಬೇಕಾಗುತ್ತವೆಂದು ಖಾಲಿ ಪೆಟ್ಟಿಗೆಗಳನ್ನೂ ಮಡಚಿ ಅವುಗಳ ಹಿಂದೆ ತುರುಕಲಾಗುತ್ತದೆ. ಆ ಮುಂದಿನ ಸಲ ಬೇಗನೇ ಹತ್ತಿರವಾಗುತ್ತದೆ. ಏಕೆಂದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕಾದ್ದರಿಂದ, ಅದನ್ನು ತಪ್ಪಿಸಿಕೊಳ್ಳಲು ಎಲ್ಲರೂ 11 ತಿಂಗಳಿಗೇ ಬರೆಸುತ್ತಾರೆ. ಅವಧಿ ತೀರಿದಾಗ ಮಾಲೀಕರು ಬಾಡಿಗೆ ಏರಿಸುವ ಮಾತೆತ್ತುತ್ತಾರೆ. ಗಂಡ ರೋಷದಿಂದ ಬೇರೆ ಮನೆ ನೋಡುತ್ತೇವೆಂದು ಹೇಳಬೇಕೆಂದಿರುತ್ತಾನೆ. ಆದರೆ ಖಾಲಿ ಪೆಟ್ಟಿಗೆ ತೆಗೆಯಲು ಮೊದಲು ಹಂಡೆ ಇಳಿಸಬೇಕೆಂಬುದನ್ನು ಹೆಂಡತಿ ಜ್ಞಾಪಿಸಿದ ಮೇಲೆ, ಏರಿಸಿದ ಬಾಡಿಗೆ ನ್ಯಾಯವಾಗಿಯೇ ಇದೆಯೆಂದು ಇಬ್ಬರಿಗೂ ತೋರುತ್ತದೆ.